ಕರಡಪ್ಪನವರ ವಿಲೇವಾರಿ

ಕರಡಪ್ಪನವರು ಕಾದಂಬರಿ ಬರೆಯುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. 1974ರಿಂದ ಬರೆಯುತ್ತಲೇ ಇದ್ದಾರೆ. ಆಗ ಅವರು ಸಾಗರದ ಬ್ಯಾಂಕೊಂದರಲ್ಲಿ ಗುಮಾಸ್ತರು. ಈಗ ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಮ್ಯಾನೇಜರು. ನಡುವೆ ಏಳು ವರ್ಗಾವಣೆ, ಮೂರು ಬಡ್ತಿ, ಇಬ್ಬರು ಮಕ್ಕಳ ಮದುವೆ, ಒಂದು ಆಂಜಿಯೋಪ್ಲಾಸ್ಟಿ ಎಲ್ಲ ಆಗಿಹೋದವು. ಕಾದಂಬರಿ ಮಾತ್ರ ಆಗುತ್ತಾ ಇದೆ.

ಕರಡಪ್ಪ ಎಂಬುದು ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರಲ್ಲ. ಬ್ಯಾಂಕಿನಲ್ಲಿ ನಾವು ಕಿರಿಯರು ಇಟ್ಟದ್ದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದೆವು. ಆಮೇಲೆ ಅವರೇ ಫೋನಿನಲ್ಲಿ "ನಾನಯ್ಯಾ, ಕರಡಪ್ಪ" ಎನ್ನತೊಡಗಿದರು. ಅಷ್ಟು ಒಳ್ಳೆಯ ಮನುಷ್ಯ.

ಈ ಜಾತಿಯವರು ಎಲ್ಲ ಊರಲ್ಲೂ ಇದ್ದಾರೆ. ಕಾದಂಬರಿಯೇ ಆಗಬೇಕೆಂದಿಲ್ಲ. ಗೈಡು ನಿವೃತ್ತರಾಗಿ, ಗೈಡಿನ ಇತರ ಶಿಷ್ಯರೂ ನಿವೃತ್ತರಾದ ಮೇಲೂ ಪಿಎಚ್‌ಡಿಯ ಎರಡನೇ ಅಧ್ಯಾಯ ತಿದ್ದುತ್ತಿರುವವರು. ತಾಲ್ಲೂಕಿನ ಇತಿಹಾಸವನ್ನು ಶಿಲಾಯುಗದಿಂದ ಎತ್ತಿಕೊಂಡು ಇನ್ನೂ ಹೊಯ್ಸಳರ ಹತ್ತಿರ ಬಾರದವರು. ಎಲ್ಲ ಒಂದೇ ಬಳ್ಳಿಯವರು. ಇವರನ್ನು ಸೋಮಾರಿಗಳೆಂದು ತಿಳಿದರೆ ತಪ್ಪು. ಬೆಳಿಗ್ಗೆ ಐದಕ್ಕೇ ಎದ್ದು ಟೇಬಲ್ ದೀಪ ಹಾಕಿಕೊಂಡು ಕೂರುತ್ತಾರೆ. ಅವರ ಕಷ್ಟವೇ ಬೇರೆ. ಹಿಂದೆ ಬರೆದದ್ದನ್ನು ಇಡುವುದೋ ಬಿಡುವುದೋ ಎಂಬುದು ಇತ್ಯರ್ಥವಾಗದೆ ಮುಂದಿನದನ್ನು ಬರೆಯುವ ಹಾಗಿಲ್ಲ. ಇತ್ಯರ್ಥಕ್ಕೆ ಕೂತರೆ ಏಳುವಷ್ಟರಲ್ಲಿ ಹಿಂದಿನದು ಇನ್ನಷ್ಟು ಹಳತಾಗಿರುತ್ತದೆ.

ಕರಡಪ್ಪನವರ ಹಸ್ತಪ್ರತಿ ಇರುವುದು ಊರ ಮನೆಯಿಂದ ಬಂದ ಎರಡು ಕಬ್ಬಿಣದ ಟ್ರಂಕುಗಳಲ್ಲಿ, ಮತ್ತು ಗಾಡ್ರೆಜ್ ಬೀರುವಿನ ಕೆಳಗಿನ ಖಾನೆಯಲ್ಲಿ. ಆ ಖಾನೆ ಮೂಲತಃ ಅವರ ಮನೆಯವರ, ಅಂದರೆ ನಮಗೆಲ್ಲ ಅಕ್ಕಯ್ಯನ, ರೇಷ್ಮೆ ಸೀರೆಗಳದ್ದು. ಸೀರೆಗಳು ಈಗ ಮಗಳ ಮನೆಯಲ್ಲಿವೆ. ಎಪ್ಪತ್ತರ ದಶಕದ ಪುಟಗಳು ಫುಲ್‌ಸ್ಕೇಪ್ ಹಾಳೆಯಲ್ಲಿ, ನೀಲಿ ಮಸಿಯಲ್ಲಿ. ಎಂಬತ್ತರವು ಹಳೇ ಲೆಡ್ಜರ್ ಹಾಳೆಗಳ ಹಿಂಬದಿಯಲ್ಲಿ. ತೊಂಬತ್ತರವು ಎರಡೂ ಅಂಚಿಗೆ ತೂತಿರುವ ಡಾಟ್ ಮ್ಯಾಟ್ರಿಕ್ಸ್ ಕಾಗದದ ಬೆನ್ನ ಮೇಲೆ. ಗುಂಡುಸೂಜಿ ತುಕ್ಕು ಹಿಡಿದು ಪ್ರತಿ ಅಧ್ಯಾಯದ ಎಡಮೂಲೆಯಲ್ಲೂ ಒಂದೊಂದು ಕಂದು ಬೊಟ್ಟು. ಕೆಲವು ಕಡೆ ಕಾದಂಬರಿಗಿಂತ ಹಿಂಬದಿಯೇ ಚೆನ್ನಾಗಿ ಓದಿಸಿಕೊಳ್ಳುತ್ತದೆ. ನಾಯಕಿ ಕೆರೆ ದಂಡೆಯಲ್ಲಿ ಕೂತು ಹನ್ನೊಂದು ಪುಟ ಯೋಚಿಸುವ ಜಾಗದಲ್ಲಿ ಹಾಳೆ ಮಗುಚಿದರೆ ಪಂಪ್‌ಸೆಟ್ ಸಾಲ ಕಟ್ಟದವರಿಗೆ ಕಳಿಸುವ ನೋಟಿಸಿನ ನಮೂನೆ ಇದೆ: ಏಳು ದಿನದೊಳಗೆ ಬಾಕಿ ಪಾವತಿಸದಿದ್ದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು. ಎರಡು ಟ್ರಂಕಿನಲ್ಲಿ ಮುಂದೇನಾಗುತ್ತದೋ ಎಂಬ ಕುತೂಹಲ ಹುಟ್ಟುವುದು ಅಲ್ಲೊಂದೇ ಕಡೆ.

ಕಥೆ ಏನು ಸಾರ್ ಎಂದು ಕೇಳಿದರೆ ಅವರಿಗೆ ಬೇಸರ. ಕಥೆ ಮುಖ್ಯವಲ್ಲ ಎನ್ನುತ್ತಾರೆ. ಆದರೂ ಒಂದು ಇದೆ. ಬೆಂಗಳೂರಿನಲ್ಲಿ ಓದುವ ರಾಮನಿಗೆ ಊರಿನಿಂದ ಟೆಲಿಗ್ರಾಂ ಬರುತ್ತದೆ: ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ. ಅದು ಅದೇ ಹೆಸರಿನ ಇನ್ನೊಬ್ಬನ ಕೈಗೆ ಸಿಕ್ಕಿ ನಾಲ್ಕು ದಿನ ತಡವಾಗುತ್ತದೆ. ರಾಮ ರೈಲು ಹತ್ತಿ, ಬೀರೂರಿನಲ್ಲಿ ಇಳಿದು ಶಿವಮೊಗ್ಗದ ಗಾಡಿಗೆ ಕಾಯುತ್ತಾನೆ. ಈ ಕಾಯುವುದು ಅರವತ್ತನಾಲ್ಕು ಪುಟ. ನವ್ಯದ ಕಾಲ; ಆಗ ಕಾಯದವನು ನಾಯಕನೇ ಅಲ್ಲ. ರಾಮ ಸ್ಟೇಷನ್ನಿನ ಗಡಿಯಾರ ನೋಡುತ್ತಾನೆ, ತನ್ನ ನೆರಳು ನೋಡುತ್ತಾನೆ, ಕಾಫಿ ಕುಡಿಯಲೋ ಬೇಡವೋ ಎಂಬ ಆಯ್ಕೆಯ ಎದುರು ನಿಂತು ಬೆವರುತ್ತಾನೆ. ಕೊನೆಗೆ ಕಾಫಿ ತಣ್ಣಗಾಗುತ್ತದೆ, ಗಾಡಿ ಬರುತ್ತದೆ.

2013ರ ಜುಲೈಯಲ್ಲಿ ಸರ್ಕಾರ ಟೆಲಿಗ್ರಾಂ ಸೇವೆ ನಿಲ್ಲಿಸಿತು. ಬೇರೆಯವರು ಪತ್ರಿಕೆಯಲ್ಲಿ ಓದಿ, ಅಯ್ಯೋ ಪಾಪ ಎಂದು ಮಡಿಸಿಟ್ಟರು. ಕರಡಪ್ಪನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇನ್ನು ಮೇಲೆ ಓದುವ ಹುಡುಗರಿಗೆ ಟೆಲಿಗ್ರಾಂ ಅಂದರೆ ಏನೆಂದು ಹೇಗೆ ಗೊತ್ತಾಗಬೇಕು? ಮುಂದೊಂದು ದಿನ ಸೊಸೆ ಸಮಾಧಾನ ಹೇಳಿದಳು: "ಟೆಲಿಗ್ರಾಂ ಈಗ್ಲೂ ಇದೆಯಲ್ಲ ಮಾವ, ನಿಮ್ಮ ಫೋನಿಗೂ ಹಾಕಿಕೊಡ್ಲಾ?"

ಕೊನೆಗೆ ಟೆಲಿಗ್ರಾಂ ತೆಗೆದು ವಾಟ್ಸಾಪ್ ಹಾಕಿದರು. ಹಾಕಿದ ಕೂಡಲೇ ಎರಡು ನೀಲಿ ಗೀಟು ಬಂದು ಇಡೀ ಕಾದಂಬರಿ ಕುಸಿಯಿತು. ಸುದ್ದಿ ತಲುಪಿದೆ, ರಾಮ ಓದಿದ್ದಾನೆ, ತಡಕ್ಕೆ ಕಾರಣವೇ ಇಲ್ಲ. ಮೇಲಾಗಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನೇರ ರೈಲು. ಬೀರೂರಿನಲ್ಲಿ ಇಳಿಯುವುದು ಯಾಕೆ? ಇಳಿಯದಿದ್ದರೆ ಅರವತ್ತನಾಲ್ಕು ಪುಟದ ಗತಿ? ಬಹಳ ಯೋಚಿಸಿ ರಾಮನ ಮೊಬೈಲಿನ ಚಾರ್ಜು ಖಾಲಿ ಮಾಡಿಸಿದರು. ನಾಲ್ಕು ದಿನ ಚಾರ್ಜಿಲ್ಲದೆ ಇರುವ ಕಾಲೇಜು ಹುಡುಗನನ್ನು ಮೊಮ್ಮಗ ನಂಬಲಿಲ್ಲ. ಮತ್ತೆ ಟೆಲಿಗ್ರಾಂ ಹತ್ತಿರವೇ ವಾಪಸ್.

ಇದು ಒಂದು ಪದರದ ಮಾತಾಯಿತು. ಕನ್ನಡ ಸಾಹಿತ್ಯ ಯಾವ ಮಗ್ಗುಲಿಗೆ ಹೊರಳಿದರೂ ಕರಡಪ್ಪನವರ ಕಾದಂಬರಿ ಆ ಕಡೆ ಒಂದಿಷ್ಟು ವಾಲಿದೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ, ಬೀರೂರಿನಲ್ಲಿ ಸುಮ್ಮನೆ ಕಾಯುತ್ತಿದ್ದ ರಾಮ ಅಲ್ಲಿನ ಹಮಾಲಿಗಳನ್ನು ಸೇರಿಸಿ ಮುಷ್ಕರ ಮಾಡಿಸಿದ. ಅದೇ ವರ್ಷ ‘ಪರ್ವ’ ಬಂತು. ರಾಮನ ತಂದೆ, ತಾಯಿ, ಸೋದರತ್ತೆ ಮೂವರೂ ಸರದಿಯಂತೆ ಮಲಗಿದಲ್ಲೇ ಹಿಂದಿನದನ್ನೆಲ್ಲ ನೆನೆಯತೊಡಗಿದರು. 1980ರಲ್ಲಿ ‘ಕರ್ವಾಲೊ’ ಬಂದದ್ದೇ ತಡ, ಮುಷ್ಕರವನ್ನು ಅರ್ಧಕ್ಕೆ ಬಿಟ್ಟು ರಾಮ ಕೀಟ ಹುಡುಕಲು ಕಾಡಿಗೆ ಹೋದ. 1983ರಲ್ಲಿ ಉತ್ತರ ಕನ್ನಡದಲ್ಲಿ ಅಪ್ಪಿಕೋ ಚಳವಳಿ ಶುರುವಾದಾಗ ಹೇಗೂ ಕಾಡಿನಲ್ಲೇ ಇದ್ದನಲ್ಲ, ಒಂದು ಮರ ಅಪ್ಪಿಕೊಂಡ. ಜಾಗತೀಕರಣ ಬಂದ ಮೇಲೆ ಅದೇ ಮರದ ಬುಡದಲ್ಲಿ ರೆಸಾರ್ಟ್ ಎದ್ದಿತು. ತಂದೆ ಮಾತ್ರ ಎಲ್ಲ ಆವೃತ್ತಿಯಲ್ಲೂ ಸೀರಿಯಸ್ಸಾಗಿಯೇ ಇದ್ದಾರೆ. ಪಾಪ, ಐವತ್ತು ವರ್ಷದಿಂದ ಅವರನ್ನು ಸಾಯಲೂ ಬಿಟ್ಟಿಲ್ಲ, ಎದ್ದು ಕೂರಲೂ ಬಿಟ್ಟಿಲ್ಲ.

ಹೊಸ ಪದರ ಬಂದಾಗ ಹಳೆಯದನ್ನು ತೆಗೆದಿದ್ದರೆ ತೊಂದರೆ ಇರಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿನಲ್ಲಿ ದಿನಾ ಇದೇ ಪಂಚಾಯಿತಿ. ಒಮ್ಮೆ ಅವರ ಭಾಷೆಯಲ್ಲೇ ಕೇಳಿ ನೋಡೋಣ ಎಂದು ಹೇಳಿದೆ:

"ಸಾರ್, ತೊಂಬತ್ತು ದಿನ ಮೀರಿ ಬಡ್ಡಿ ಬರದಿದ್ರೆ ಸಾಲ ಎನ್‌ಪಿಎ. ನಿಮ್ಮ ಬೀರೂರು ಬರೆದ ದಿನದಿಂದ ಒಂದು ಕಾಸು ಬಡ್ಡಿ ಕೊಟ್ಟಿಲ್ಲ. ರೈಟ್ ಆಫ್ ಮಾಡಿಬಿಡಿ."

ಅವರ ಮುಖ ಅರಳಿತು. "ಲಾಯಕ್ಕಾಗಿ ಹೇಳಿದೆ ಮಾರಾಯ! ಆದ್ರೆ ನೀನೂ ಬ್ಯಾಂಕಿನವನೇ ಅಲ್ವನಾ? ರೈಟ್ ಆಫ್ ಅಂದ್ರೆ ಮನ್ನಾ ಅಲ್ಲ. ಲೆಕ್ಕದ ಪುಸ್ತಕದಿಂದ ತೆಗೀತೇವೆ, ವಸೂಲಿ ಬಿಡೋದಿಲ್ಲ."

ಅವತ್ತೇ ಮಧ್ಯಾಹ್ನ ಅರವತ್ತನಾಲ್ಕು ಪುಟ ಕಾದಂಬರಿಯಿಂದ ಹೊರಬಂದು ‘ಬೀರೂರು: ವಸೂಲಿ ಬಾಕಿ’ ಎಂಬ ಹೊಸ ಫೈಲಿಗೆ ಹೋದವು. ಫೈಲು ಅದೇ ಟ್ರಂಕಿನೊಳಗೆ ಹೋಯಿತು. ಒಂದು ರಟ್ಟು, ಒಂದು ಟ್ಯಾಗು ಹೆಚ್ಚಾದದ್ದರಿಂದ ಟ್ರಂಕಿನ ಮುಚ್ಚಳ ಅಂದಿನಿಂದ ಪೂರ್ತಿ ಕೂರುತ್ತಿಲ್ಲ.

ವರ್ಷಕ್ಕೊಂದು ಸಲ, ನವರಾತ್ರಿಗೆ ಮುಂಚೆ ಧೂಳು ಹೊಡೆಯುವ ಕಾಲಕ್ಕೆ, ಅಕ್ಕಯ್ಯನ ತಾಳ್ಮೆ ಮುಗಿಯುತ್ತದೆ. "ಏನ್ರೀ, ಈ ಸಲ ಒಂದು ಟ್ರಂಕಾದ್ರೂ ಖಾಲಿ ಮಾಡ್ತೀರೋ ಇಲ್ವೋ?" ಕರಡಪ್ಪನವರು ತಕ್ಷಣ ಒಪ್ಪುತ್ತಾರೆ. ಒಪ್ಪುವುದರಲ್ಲಿ ಅವರೆಂದೂ ತಡ ಮಾಡಿದವರಲ್ಲ. ನಡುಮನೆಯಲ್ಲಿ ಚಾಪೆ ಹಾಸಿ, ಟ್ರಂಕು ಮಗುಚಿ, ಉದ್ದನೆಯ ರಿಜಿಸ್ಟರೊಂದನ್ನು ತೆರೆದು ಮೂರು ಕಟ್ಟು ಮಾಡುತ್ತಾರೆ: ಇಡತಕ್ಕದ್ದು, ಬಿಡತಕ್ಕದ್ದು, ನೋಡತಕ್ಕದ್ದು. ಸಂಜೆಯ ಹೊತ್ತಿಗೆ ಇಡತಕ್ಕದ್ದರಲ್ಲಿ ಶೀರ್ಷಿಕೆಯ ಪುಟ ಮತ್ತು ಅರ್ಪಣೆ ಇರುತ್ತವೆ. ಬಿಡತಕ್ಕದ್ದರಲ್ಲಿ ಯಾರದೋ ಮದುವೆಯ ಮುಯ್ಯಿ ಪಟ್ಟಿ. ಮಿಕ್ಕದ್ದೆಲ್ಲ ನೋಡತಕ್ಕದ್ದು. ಅಷ್ಟರಲ್ಲಿ ಸರಸ್ವತಿ ಪೂಜೆ ಬರುತ್ತದೆ. ಪುಸ್ತಕಗಳನ್ನು ಪೂಜೆಗಿಟ್ಟ ಮೇಲೆ ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಕರಡಪ್ಪನವರು ಮೂರು ಕಟ್ಟನ್ನೂ ತಂದು ಮಣೆಯ ಮೇಲಿಟ್ಟು ಭಕ್ತಿಯಿಂದ ಕೈ ಮುಗಿಯುತ್ತಾರೆ. ಅರಿಶಿನ ಕುಂಕುಮ ಏರಿಸುವವರು ಅಕ್ಕಯ್ಯನೇ. ತಮ್ಮ ಕೈಯಾರೆ ಕುಂಕುಮ ಹಾಕಿದ ಕಾಗದವನ್ನು ತಾವೇ ರದ್ದಿಗೆ ಹಾಕುವುದು ಹೇಗೆ? ಹೀಗೆ ಟ್ರಂಕು ವರ್ಷವರ್ಷವೂ ಇನ್ನಷ್ಟು ಮಡಿಯಾಗಿ ಒಳಗೆ ಹೋಗುತ್ತದೆ. ಮುಯ್ಯಿ ಪಟ್ಟಿಗೂ ಕುಂಕುಮ ತಾಗಿರುವುದರಿಂದ ಅದೂ ಜೊತೆಗೆ.

ಒಂದು ಸಲ ಮಾತ್ರ ಹಳೇ ಪೇಪರಿನವನು ತಕ್ಕಡಿ ಹಿಡಿದು ಗೇಟಿನೊಳಗೆ ಬರುವ ತನಕ ಹೋಗಿತ್ತು. ಅವನು ನಾಲ್ಕು ಹಾಳೆ ಎತ್ತಿ ತಿರುವಿ ನೋಡಿದ. "ಎರಡೂ ಕಡೆ ಬರೆದುಬಿಟ್ಟಿದೀರಲ್ಲ ಸಾಮಿ, ಪೊಟ್ಟಣಕ್ಕೂ ಬರಲ್ಲ ಇದು. ಪೇಪರ್ ರೇಟು ಆಗಲ್ಲ, ಎಷ್ಟೋ ಒಂದು ಕೊಡ್ತೀನಿ" ಎಂದ. ಅಷ್ಟೂ ವರ್ಷದ ಕೆಲಸಕ್ಕೆ ಬಂದ ಮೊದಲ ವಿಮರ್ಶೆ ಅದು. ಕರಡಪ್ಪನವರು ಹಾಳೆಗಳನ್ನು ಅವನ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

ಸುಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ಅವರ ಬಳಿ ಜಗತ್ತಿನ ಸಾಕ್ಷಿಯೆಲ್ಲ ಸಿದ್ಧವಿದೆ. ರೋಮಿನ ವರ್ಜಿಲ್ ಸಾಯುವ ಮುಂಚೆ ‘ಈನಿಯಡ್’ ಸುಡಿ ಎಂದಿದ್ದ. ಅಗಸ್ಟಸ್ ಚಕ್ರವರ್ತಿ ಬಿಡಲಿಲ್ಲ. ಕಾಫ್ಕಾ ತನ್ನ ಕಾಗದಗಳನ್ನೆಲ್ಲ ಸುಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟ. ಬ್ರಾಡ್ ಅಚ್ಚು ಹಾಕಿಸಿದ. ನಿಜವಾಗಿ ಸುಟ್ಟವನು ರಷ್ಯದ ಗೊಗೊಲ್. 1852ರ ಫೆಬ್ರವರಿಯ ಒಂದು ರಾತ್ರಿ ‘ಡೆಡ್ ಸೋಲ್ಸ್’ನ ಎರಡನೇ ಭಾಗವನ್ನು ಬೆಂಕಿಗೆ ಹಾಕಿದ. "ಆಮೇಲೇನಾಯ್ತು ಗೊತ್ತುಂಟಾ? ಹತ್ತು ದಿನದೊಳಗೆ ಹೋಗೇಬಿಟ್ಟ!" ಈ ಕೊನೆಯ ಮಾತನ್ನು ಕರಡಪ್ಪನವರು ಅಡಿಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾರೆ. ಆಂಜಿಯೋಪ್ಲಾಸ್ಟಿ ಆದ ಮನೆ. ಅಕ್ಕಯ್ಯ ಆ ವಾರ ಟ್ರಂಕಿನ ಸುದ್ದಿ ಎತ್ತುವುದಿಲ್ಲ.

ಸಮಕ್ಕೆ ಸಮ ಇರಲಿ ಎಂದು ನಾನು ಕಾರ್ಲೈಲನ ಕಥೆ ಹೇಳಿದೆ. ಫ್ರೆಂಚ್ ಕ್ರಾಂತಿಯ ಬಗ್ಗೆ ಅವನು ಬರೆದ ಮೊದಲ ಸಂಪುಟದ ಹಸ್ತಪ್ರತಿಯನ್ನು ಗೆಳೆಯ ಜಾನ್ ಸ್ಟುವರ್ಟ್ ಮಿಲ್ ಓದಲು ಒಯ್ದಿದ್ದ. 1835ರಲ್ಲಿ ಕೆಲಸದವಳೊಬ್ಬಳು ರದ್ದಿ ಎಂದುಕೊಂಡು ಅದನ್ನು ಬೆಂಕಿಗೆ ಹಾಕಿದಳು. ಇದ್ದದ್ದು ಅದೊಂದೇ ಪ್ರತಿ. ಕಾರ್ಲೈಲ್ ಕೂತು ಮತ್ತೆ ಬರೆದ. 1837ರಲ್ಲಿ ಪುಸ್ತಕ ಹೊರಬಂದು ದೊಡ್ಡ ಹೆಸರಾಯಿತು. ಕರಡಪ್ಪನವರು "ಛೆ, ಪಾಪ" ಎಂದರು. ಅಕ್ಕಯ್ಯ ಏನೂ ಅನ್ನಲಿಲ್ಲ. ನೆಲ ಒರೆಸುತ್ತಿದ್ದ ಕೆಲಸದವಳನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಮರುದಿನ ಟ್ರಂಕಿಗೆ ಬೀಗ ಬಿದ್ದಿತ್ತು.

ಕನ್ನಡದ ಸಾಕ್ಷಿಗಳೂ ಇವೆ. "ರಾಮಾಯಣ ದರ್ಶನಂಗೆ ಕುವೆಂಪು ಹತ್ತಿರಹತ್ತಿರ ಹತ್ತು ವರ್ಷ ತಗೊಂಡ್ರು. ಕಾನೂರು ಹೆಗ್ಗಡಿತಿಗೂ ಮಲೆಗಳಲ್ಲಿ ಮದುಮಗಳಿಗೂ ನಡುವೆ ಮೂವತ್ತೊಂದು ವರ್ಷ." ಲೆಕ್ಕ ಸರಿ; 1936 ಮತ್ತು 1967. ಆ ನಡುವೆ ಆ ಮಹಾನುಭಾವರು ಪಾಠ ಹೇಳಿ, ಪ್ರಿನ್ಸಿಪಾಲರಾಗಿ, ಕುಲಪತಿಯಾಗಿ, ಮಾನಸಗಂಗೋತ್ರಿ ಕಟ್ಟಿ, ಕವನ ನಾಟಕ ವಿಮರ್ಶೆಗಳ ರಾಶಿ ಬರೆದದ್ದನ್ನು ಕರಡಪ್ಪನವರು ಜಮೆಗೆ ತೆಗೆದುಕೊಳ್ಳುವುದಿಲ್ಲ. ಬಹಳ ಕಾಲ ಅವರ ನೆರವಿಗಿದ್ದದ್ದು ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು. ಭಾಷೆಯ ನಿಘಂಟೇ ಮುಗಿದಿಲ್ಲ, ನಾನು ಯಾವ ಧೈರ್ಯದ ಮೇಲೆ ಕಾದಂಬರಿ ಮುಗಿಸಲಿ ಎನ್ನುತ್ತಿದ್ದರು. 1995ರಲ್ಲಿ ಎಂಟನೆಯ ಸಂಪುಟ ಹೊರಬಂದು ನಿಘಂಟು ಮುಗಿದುಹೋಯಿತು. ಸಾಲಕ್ಕೆ ಜೊತೆ ನಿಂತಿದ್ದ ಇನ್ನೊಬ್ಬ ಬಾಕಿದಾರ ಹೇಳದೆ ಕೇಳದೆ ತನ್ನ ಪಾಲು ಕಟ್ಟಿ ಹೋದರೆ ಹೇಗಿರುತ್ತದೋ, ಅವತ್ತು ಕೌಂಟರಿನ ಹಿಂದೆ ಅವರ ಮುಖ ಹಾಗಿತ್ತು.

ಮಗ ಸಾಫ್ಟ್‌ವೇರಿನವನು. ಅಪ್ಪ ನಿವೃತ್ತರಾದಾಗ ಎಲ್ಲವನ್ನೂ ಡಿಟಿಪಿ ಮಾಡಿಸಿಕೊಟ್ಟ. ಕಂಪ್ಯೂಟರಿಗೆ ಬಂದ ಮೇಲೆ ಬೇಡದ್ದನ್ನು ಒಂದು ಗುಂಡಿ ಒತ್ತಿ ತೆಗೆಯುತ್ತಾರೆ ಎಂಬುದು ಅವನ ಲೆಕ್ಕಾಚಾರ. ಕಾಗದಕ್ಕಾದರೆ ಟ್ರಂಕಿನ ಅಳತೆ ಇತ್ತು. ಇಲ್ಲಿ ಅದೂ ಹೋಯಿತು. ಈಗ ಕಂಪ್ಯೂಟರಿನಲ್ಲಿ ‘ಅಂತಿಮ’, ‘ಅಂತಿಮ ಹೊಸದು’, ‘ಅಂತಿಮ ತಿದ್ದಿದ್ದು’, ‘ಅಂತಿಮಕ್ಕೆ ಹಿಂದಿನದು ಅಳಿಸಬೇಡಿ’ ಎಂಬ ಫೈಲುಗಳು ಒಂದರ ಕೆಳಗೊಂದು ನಿಂತಿವೆ. ನಡುವೆ ಅವರಿಗೆ ನಾಯಕನ ಹೆಸರು ರಾಮ ಎಂದಿದ್ದರೆ ಯಾರು ಏನು ಅರ್ಥ ಹಚ್ಚುತ್ತಾರೋ ಎಂದು ದಿಗಿಲಾಯಿತು. ಭೀಮ ಎಂದು ಮಾಡು ಎಂದರು. ಅವಸರದಲ್ಲಿದ್ದ ಮಗ ಇದ್ದಬದ್ದ ರಾಮರನ್ನೆಲ್ಲ ಒಂದೇ ಏಟಿಗೆ ಭೀಮರನ್ನಾಗಿಸಿ ಆಫೀಸಿಗೆ ಹೋದ. ಸಂಜೆ ಇವರು ಓದಲು ಕೂತರೆ, ತಂದೆ ಆಭೀಮ ಕುರ್ಚಿಯಲ್ಲಿ ಒರಗಿದ್ದಾರೆ, ಗ್ಭೀಮ ಲೆಕ್ಕಿಗ ಕಂದಾಯ ಕೇಳಲು ಬಂದಿದ್ದಾನೆ, ಅಜ್ಜಿ ಭೀಮಾಯಣ ಪಾರಾಯಣ ಮಾಡುತ್ತಿದ್ದಾಳೆ, ಗೋಡೆಯ ಮೇಲೆ ಕೊಡಲಿ ಹಿಡಿದ ಪರಶುಭೀಮ, ಶಾಲೆಯಲ್ಲಿ ಮೇಷ್ಟ್ರು ಪೂರ್ಣವಿಭೀಮ ಎಲ್ಲಿ ಹಾಕಬೇಕೆಂದು ಹೇಳಿಕೊಡುತ್ತಿದ್ದಾರೆ. ಬೇರೆ ಯಾರಾಗಿದ್ದರೂ ಆ ಫೈಲನ್ನು ಅಳಿಸುತ್ತಿದ್ದರು. ಇವರು ಅದನ್ನೂ ಬೇರೆ ಹೆಸರು ಕೊಟ್ಟು ಇಟ್ಟಿದ್ದಾರೆ. ಪರಶುಭೀಮ ಎಂಬಲ್ಲಿ ಏನೋ ಒಂದು ಧ್ವನಿ ಇದೆಯಂತೆ.

ನನ್ನನ್ನು ಕೇಳಿದರೆ ಹಳೆಯ ಪುಟಗಳು ಅವರಿಗೆ ಹೊರೆಯಲ್ಲ, ಕೋಟೆ. ಇಡುವುದೋ ಬಿಡುವುದೋ ಎಂಬ ಪ್ರಶ್ನೆ ಇರುವಷ್ಟು ದಿನ, ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಬಾಗಿಲು ತಟ್ಟುವುದಿಲ್ಲ. ಸಭೆಗಳಲ್ಲಿ ಅವರಿಗೆ ಎರಡನೇ ಸಾಲಿನ ಕುರ್ಚಿ ಸಿಗುವುದೇ ‘ಮಹಾಕಾದಂಬರಿ ಬರೀತಿದಾರೆ’ ಎಂಬ ಕಾರಣಕ್ಕೆ. ಬರೆದು ಮುಗಿಸಿದವರು ಮೈಸೂರಿನಲ್ಲಿ ಬೇಕಾದಷ್ಟು ಮಂದಿ. ಅವರ ಪುಸ್ತಕದ ಪ್ರತಿಗಳು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಪಟ್ಟಿ ಕಾಯುತ್ತಾ ಮಂಚದ ಕೆಳಗಿವೆ, ಅವರು ಹಿಂದಿನ ಸಾಲಿನಲ್ಲಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪುಟದ ವಿಷಯವನ್ನೂ ಹೇಳಬೇಕು. ಹೋದ ಸಲ ನವರಾತ್ರಿಯ ವಿಲೇವಾರಿಗೆ ನಾನೂ ಹೋಗಿ ಚಾಪೆಯ ಮೇಲೆ ಕೂತಿದ್ದೆ. ನೋಡತಕ್ಕದ್ದರ ಕಟ್ಟಿನಲ್ಲಿ ಫುಲ್‌ಸ್ಕೇಪಿನ ಒಂದೂವರೆ ಪುಟ ಸಿಕ್ಕಿತು. ಅಡಿಕೆ ಸುಲಿಯುವ ರಾತ್ರಿ. ಜಗಲಿಯಲ್ಲಿ ಪೆಟ್ರೊಮ್ಯಾಕ್ಸ್, ಸಾಲಾಗಿ ಮೆಟ್ಟುಗತ್ತಿಗಳು, ಸಿಪ್ಪೆಯ ರಾಶಿಯ ಮೇಲೆ ಮಲಗಿದ ಮಕ್ಕಳು. ರಾಮನ ಅಜ್ಜಿಯ ಹೆಬ್ಬೆರಳು ಚೊಗರು ಹಿಡಿದು ಕಪ್ಪಾಗಿದೆ. ಬೇಸಗೆಯಲ್ಲಿ ಪೇಟೆಯ ಬೀಗರ ಮನೆ ಮದುವೆಗೆ ಹೋದಾಗಲೂ ಆ ಕಪ್ಪು ಹೋಗಿಲ್ಲ. ಪಂಕ್ತಿಯಲ್ಲಿ ಕೂತ ಅಜ್ಜಿ ಬಲಗೈ ಸೆರಗಿನೊಳಗೆ ಇಟ್ಟುಕೊಂಡು, ಎಲ್ಲರೂ ಎಲೆಯ ಕಡೆ ಬಗ್ಗಿದ ಮೇಲೆ ಹೊರತೆಗೆಯುತ್ತಾಳೆ. ಅಷ್ಟೇ. ಅದರಲ್ಲಿ ಟೆಲಿಗ್ರಾಂ ಇಲ್ಲ, ಮುಷ್ಕರ ಇಲ್ಲ, ಬೀರೂರಂತೂ ಇಲ್ಲವೇ ಇಲ್ಲ. ಓದಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪುಟದ ಅಂಚಿನಲ್ಲಿ ಬೇರೆಬೇರೆ ಮಸಿಯ ಷರಾಗಳಿದ್ದವು. ನೀಲಿಯಲ್ಲಿ, ‘ಬರೀ ಭಾವುಕತೆ, ತೆಗೆಯುವುದು.’ ಕೆಂಪಿನಲ್ಲಿ, ‘ಜಮೀನ್ದಾರಿ ಹಳಹಳಿಕೆ! ತೆಗೆಯುವುದು.’ ಹಸಿರಿನಲ್ಲಿ, ಅದು ಅವರು ಆಫೀಸರಾಗಿ ಹಸಿರು ಪೆನ್ನು ಹಿಡಿದ ಮೇಲಿನದು, ‘ಪ್ರಾದೇಶಿಕ ಸೊಗಡು. ಪರಿಶೀಲಿಸಿ.’ ಪೆನ್ಸಿಲಿನಲ್ಲಿ, ‘ಎಲ್ಲಿ ಸೇರಿಸುವುದು?’

"ಸಾರ್, ಇದೊಂದನ್ನು ಹೀಗೇ ಪತ್ರಿಕೆಗೆ ಕಳಿಸಿ" ಎಂದೆ. ಅವರು ಹಾಳೆಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. "ಅದು ಹೇಗಾಗ್ತದೆ ಮಾರಾಯ? ಮಹಾಕಾದಂಬರಿಯ ತುಂಡು ಅದು. ಇಡೀದು ನಿಲ್ಲುವ ತನಕ ತುಂಡು ಕೊಡೋದು ಸರಿಯಲ್ಲ" ಎಂದು ಅದನ್ನು ನೋಡತಕ್ಕದ್ದರ ಕಟ್ಟಿಗೇ, ಎಲ್ಲಕ್ಕಿಂತ ಕೆಳಗೆ, ಸೇರಿಸಿದರು.

ಮೈಸೂರಿಗೆ ಬಂದವರು ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆ ಕಡೆ ಹೋದರೆ ಅವರು ಸಿಕ್ಕಾರು. "ಒಂದು ಅಭಿಪ್ರಾಯ ಬೇಕಿತ್ತು" ಎಂದು ಶುರು ಮಾಡುತ್ತಾರೆ. ಬಿಸಾಕಿ ಎಂದಿರೋ, ಒಂದು ಸುತ್ತು ಪೂರ್ತಿ ವಾದಿಸುತ್ತಾರೆ. ಇಟ್ಟುಕೊಳ್ಳಿ ಎಂದಿರೋ, ಖುಷಿಯಲ್ಲಿ 1974ರಿಂದ ಹೇಳುತ್ತಾರೆ. "ನೋಡೋಣ ಬಿಡಿ ಸಾರ್" ಎನ್ನಿ. ಅವರಿಗೂ ಸಮಾಧಾನ, ನೀವೂ ತಿಂಡಿ ಹೊತ್ತಿಗೆ ಮನೆ ಸೇರಬಹುದು.

ಅಕ್ಕಯ್ಯ ಮೊನ್ನೆ ಫೋನು ಮಾಡಿದ್ದರು. ಟ್ರಂಕಿನ ಬೀಗದ ಎರಡನೇ ಕೀ ಅವರ ಹತ್ತಿರವೇ ಇತ್ತಂತೆ. ಅಜ್ಜಿಯ ಒಂದೂವರೆ ಪುಟವನ್ನು ತಮ್ಮ ಅಕ್ಷರದಲ್ಲಿ ನಕಲು ಮಾಡಿಕೊಂಡಿದ್ದಾರೆ. ದೀಪಾವಳಿ ವಿಶೇಷಾಂಕಕ್ಕೆ ಎಲ್ಲಿಗೆ ಕಳಿಸಬೇಕು ಎಂದು ಕೇಳಿದರು. ವಿಳಾಸ ಬರೆಸಿದೆ. ಬರೆದವರ ಹೆಸರು ಯಾರದು ಹಾಕುತ್ತೀರಿ ಅಕ್ಕಯ್ಯ ಎಂದೆ.

"ಅವರದ್ದೇ, ಇನ್ಯಾರದ್ದು? ಆದ್ರೆ ಸಂಪಾದಕರಿಗೆ ನೀವೊಂದು ಮಾತು ಹೇಳಿಬಿಡಿ. ಕೊನೆಗೆ ‘ಮುಂದುವರಿಯುವುದು’ ಅಂತ ಮಾತ್ರ ಹಾಕೋದು ಬೇಡ."